ಸೀಲ್ ಹೆಣ್ಣಿನ ಕಾದಂಬರಿ ಮುಗಿಯಿತು, ಕೆಲವರಿಗೆ ಧನ್ಯವಾದ ಹೇಳಬೇಕು

ಕಾದಂಬರಿ ಮುಗಿಯಿತು. ಕೊನೆಯ ತಿದ್ದುಪಡಿಯೂ ಆಗಿ ಅಚ್ಚಿಗೆ ಹೋಗಿದೆ. ಪುಸ್ತಕದೊಳಗೆ ಕೃತಜ್ಞತೆಗೆ ಸಿಕ್ಕಿರುವುದು ಅರ್ಧ ಪುಟ. ಅಷ್ಟರಲ್ಲಿ ಎಲ್ಲ ಹೇಳಲಾಗದು, ಅದಕ್ಕೇ ಈ ಬರಹ.

ಕತೆ ನಡೆಯುವುದು ಐರ್ಲೆಂಡಿನ ಪಶ್ಚಿಮ ಕರಾವಳಿಯ ಕಾನಮಾರಾದಲ್ಲಿ, ನಾನು ನರ್ಸ್ ಆಗಿ ಕೆಲಸ ಮಾಡುವ ಗಾಲ್ವೇ ಊರಿನ ಪಕ್ಕದಲ್ಲೇ. ಅದರ ಬೇರು ಅಲ್ಲಿನ ಹಳೆಯ ಕತೆಯೊಂದರಲ್ಲಿದೆ. ಸೀಲ್ ಅನ್ನುವ ಕಡಲಪ್ರಾಣಿಯ ರೂಪದ ಹೆಣ್ಣು ದಡಕ್ಕೆ ಬರುತ್ತಾಳೆ, ತೊಗಲು ಕಳಚಿಟ್ಟು ಮನುಷ್ಯಳಾಗುತ್ತಾಳೆ. ಅವಳನ್ನು ಕಂಡು ಮೋಹಗೊಂಡವನು ಆ ತೊಗಲನ್ನು ಬಚ್ಚಿಡುತ್ತಾನೆ. ಕಡಲಿಗೆ ಮರಳಲಾಗದೆ ಅವಳು ಅವನ ಹೆಂಡತಿಯಾಗುತ್ತಾಳೆ, ಮಕ್ಕಳಾಗುತ್ತವೆ. ಎಷ್ಟೋ ವರ್ಷದ ಮೇಲೆ ತೊಗಲು ಕಣ್ಣಿಗೆ ಬೀಳುತ್ತದೆ. ಅವತ್ತೇ ಹೊರಟುಹೋಗುತ್ತಾಳೆ. ಕಾನಮಾರಾದ ಕನೀಲಿ ಮನೆತನದವರು ಸೀಲ್ ವಂಶದವರು ಅನ್ನುವ ಮಾತು ತಲೆಮಾರುಗಳಿಂದ ಇದೆ.

ಮೊದಲ ಧನ್ಯವಾದ ನಾನು ಎಂದೂ ನೋಡದ ಮಕ್ಕಳಿಗೆ. 1937ರಿಂದ 1939ರವರೆಗೆ ಐರಿಶ್ ಜಾನಪದ ಆಯೋಗ ಒಂದು ಕೆಲಸ ಮಾಡಿಸಿತು. 26 ಕೌಂಟಿಗಳ (ನಮ್ಮ ಜಿಲ್ಲೆಗಳ ಹಾಗೆ) ಸುಮಾರು 5,000 ಪ್ರಾಥಮಿಕ ಶಾಲೆಗಳ ದೊಡ್ಡ ತರಗತಿಯ ಮಕ್ಕಳಿಗೆ, ಮನೆಗೆ ಹೋಗಿ ಹಿರಿಯರಿಂದ ಕತೆ ಕೇಳಿ ಬರೆದುಕೊಂಡು ಬನ್ನಿ ಅಂದಿತು. ಸುಮಾರು 50,000 ಮಕ್ಕಳು ಬರೆದರು. ಕಿನ್ನರರ ಕತೆ, ಮನೆಮದ್ದು, ಮದುವೆಯ ಪದ್ಧತಿ, ಹೂತಿಟ್ಟ ನಿಧಿ, ಬೆಣ್ಣೆ ಕಡೆಯುವಾಗ ಮಾಡಬಾರದ್ದು, ಎಲ್ಲವೂ. ಒಟ್ಟು 7,40,000 ಪುಟದಷ್ಟು. ಎಷ್ಟೋ ಪುಟಗಳ ಕೊನೆಗೆ ಕತೆ ಹೇಳಿದವರ ಹೆಸರು, ಊರು, ವಯಸ್ಸು ಇರುತ್ತದೆ. ಆಗ ಎಂಬತ್ತಾಗಿದ್ದ ಅಜ್ಜಿ ಅಂದರೆ 1850ರ ದಶಕದಲ್ಲಿ ಹುಟ್ಟಿದವಳು, 1840ರ ದಶಕದಲ್ಲಿ ಐರ್ಲೆಂಡನ್ನು ಕಾಡಿದ ಮಹಾ ಕ್ಷಾಮದಿಂದ ಬದುಕುಳಿದವರ ಮಗಳು. ಅವಳು ಹೇಳಿದ್ದನ್ನು ಮೊಮ್ಮಗಳು ದುಂಡು ಅಕ್ಷರದಲ್ಲಿ ಬರೆದಿದ್ದಾಳೆ. ಅಂಥ ಪುಟದ ಮುಂದೆ ಕೂತು ಎಷ್ಟೋ ಸಲ ನನ್ನ ಕಣ್ಣು ತುಂಬಿದೆ.

ಆ ಪುಟಗಳನ್ನು ಕಾಪಾಡಿದವರನ್ನೂ ನೆನೆಯಬೇಕು. ಡಬ್ಲಿನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿರುವ ರಾಷ್ಟ್ರೀಯ ಜಾನಪದ ಸಂಗ್ರಹ ಅದನ್ನೆಲ್ಲ ಜೋಪಾನ ಮಾಡಿದೆ. ಯಾರು ಬೇಕಾದರೂ ಓದುವಂತೆ ದೂಖಸ್ ಜಾಲತಾಣದಲ್ಲಿ ಬಿಚ್ಚಿಟ್ಟಿದ್ದಾರೆ. ಕೈಬರಹವನ್ನು ಕೂತು ಟೈಪ್ ಮಾಡಿದವರಲ್ಲಿ ಎಷ್ಟೋ ಜನ ಸ್ವಯಂಸೇವಕರು, ಹಣ ಪಡೆಯದೆ ಮಾಡಿದವರು. ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ ನಾನು ಮಲಗಿದ್ದಲ್ಲೇ ಇದ್ದ ತಿಂಗಳುಗಳಲ್ಲಿ ನನ್ನ ಬಳಿ ಇದ್ದದ್ದು ಒಂದು ಫೋನ್ ಮಾತ್ರ. ಅವರ ಕೆಲಸ ಇಲ್ಲದಿದ್ದರೆ ಈ ಕಾದಂಬರಿಯೇ ಇರುತ್ತಿರಲಿಲ್ಲ.

ಆ ತಿಂಗಳುಗಳಲ್ಲಿ ನನ್ನನ್ನು ನೋಡಿಕೊಂಡವರು ವಾರ್ಡಿನ ಮಲಯಾಳಿ ಚೇಚಿಯರು, ಅಂದರೆ ಅಕ್ಕಂದಿರು. ರಾತ್ರಿ ಪಾಳಿ ಮುಗಿಸಿ ನೇರ ನನ್ನ ಮನೆಗೆ ಬಂದು ಗಂಜಿ ಮಾಡಿಟ್ಟು ಹೋಗುತ್ತಿದ್ದರು. ಚೇಚಿ, ಈ ಋಣ ದೊಡ್ಡದು.

ಕತೆ ಮಾತ್ರ ಬಹಳ ದಿನ ಒಂದೇ ಕಡೆ ನಿಂತುಬಿಟ್ಟಿತ್ತು. ತೊಗಲು ಕದ್ದವನನ್ನು ಪ್ರೇಮಿ ಅನ್ನುವುದು ಹೇಗೆ? ಬೆಂಗಳೂರಿನ ಗೆಳತಿ ಕರಡು ಓದಿ, 'ಅವಳು ಅವನ ಜೊತೆ ಇದ್ದಾಳೆ ಸರಿ, ಆದರೆ ಅವಳಿಗೆ ಅವನು ಬೇಕಾ?' ಅಂತ ಕೇಳಿದಳು. ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಳು. ಉತ್ತರದ ದಾರಿ ತೋರಿಸಿದ್ದು ಸ್ಕಾಟ್ಲೆಂಡಿನ ಹಳೆಯ ಲಾವಣಿ, ಟ್ಯಾಮ್ ಲಿನ್. ಸೆಲ್ಕರ್ಕ್ ಹತ್ತಿರದ ಕಾರ್ಟರ್‌ಹಾ ಕಾಡಿನ ಕತೆ ಅದು. ಕಿನ್ನರರ ರಾಣಿ ಹಿಡಿದಿಟ್ಟ ಯುವಕನನ್ನು ಹ್ಯಾಲೊವೀನ್ ರಾತ್ರಿ ಜಾನೆಟ್ ಕುದುರೆಯಿಂದ ಎಳೆದು ತಬ್ಬಿಕೊಳ್ಳುತ್ತಾಳೆ. ಅವನು ಅವಳ ತೋಳಲ್ಲೇ ಹಾವಾಗುತ್ತಾನೆ, ಕಾಡುಪ್ರಾಣಿಯಾಗುತ್ತಾನೆ, ಉರಿಯುವ ಕೆಂಡವಾಗುತ್ತಾನೆ. ಅವಳು ಬಿಡುವುದಿಲ್ಲ. ಬಿಡಬೇಡ ಅಂತ ಮೊದಲೇ ಬೇಡಿಕೊಂಡವನು ಅವನೇ.

ಅಲ್ಲಿ ನನಗೆ ವ್ಯತ್ಯಾಸ ಕಂಡಿತು. ಸೀಲ್ ಕತೆಯ ಗಂಡಸೂ ಹಿಡಿದುಕೊಳ್ಳುತ್ತಾನೆ, ಜಾನೆಟ್ ಕೂಡ ಹಿಡಿದುಕೊಳ್ಳುತ್ತಾಳೆ. ಹಿಡಿದುಕೋ ಅಂತ ಅವನನ್ನು ಯಾರೂ ಕೇಳಿರಲಿಲ್ಲ, ಜಾನೆಟ್‌ಳನ್ನು ಕೇಳಿದ್ದರು. ನನ್ನ ಕಾದಂಬರಿಯ ನಾಯಕ ಕಾಲುಭಾಗ ಮುಗಿಯುವ ಮೊದಲೇ ತೊಗಲನ್ನು ಅವಳ ಕೈಗೆ ಕೊಟ್ಟುಬಿಡುತ್ತಾನೆ. ಅವಳು ಹೋಗುತ್ತಾಳೆ. ಪ್ರೇಮಕತೆ ಶುರುವಾಗುವುದು ಅಲ್ಲಿಂದ. ಆ ಲಾವಣಿಯ ಹೆಸರು 1549ರ ಪುಸ್ತಕವೊಂದರಲ್ಲೇ ಸಿಗುತ್ತದೆ. ಅಂದಿನಿಂದ ಅದನ್ನು ಬಾಯಿಂದ ಬಾಯಿಗೆ ದಾಟಿಸಿದ, ಹೆಸರು ಉಳಿಯದ ಹಾಡುಗಾರರೆಲ್ಲರಿಗೂ ನಾನು ಋಣಿ.

ಕತೆಗಾರ ಎಡ್ಡಿ ಲೆನಿಹನ್ ಅವರಿಗೂ ನಮಸ್ಕಾರ. 1999ರಲ್ಲಿ ಕ್ಲೇರ್ ಕೌಂಟಿಯ ಲಾಟೂನ್‌ನಲ್ಲಿ ಹೆದ್ದಾರಿಗೆ ಅಡ್ಡ ಬಂದ ಹಾಥಾರ್ನ್ ಅನ್ನುವ ಒಂಟಿ ಮುಳ್ಳುಗಿಡ ಕಿನ್ನರರದ್ದು, ಕಡಿಯಬೇಡಿ ಅಂತ ಅವರು ದನಿ ಎತ್ತಿದರು. ಗಿಡ ಉಳಿಯಿತು. ನನ್ನ ಎಂಟನೇ ಅಧ್ಯಾಯದ ಗಿಡ ಹುಟ್ಟಿದ್ದು ಆ ಸುದ್ದಿಯಿಂದ. ಅದರ ಹೂವನ್ನು ಮನೆಯೊಳಗೆ ತರಬಾರದು ಅಂತ ಹೇಳಿಕೊಟ್ಟವರು ಪಕ್ಕದ ಮನೆಯ ಅಜ್ಜಿ. ನನ್ನ ಕೈಯಲ್ಲಿದ್ದ ಹೂಗೊಂಚಲು ನೋಡಿ ಬಾಗಿಲಲ್ಲೇ ತಡೆದಿದ್ದರು. ಆಮೇಲೆ ಅವರ ತಾಯಿ ಹೇಳುತ್ತಿದ್ದ ಕತೆಗಳನ್ನೆಲ್ಲ ಬಿಡದೆ ಹೇಳಿದರು, ಬರೆದುಕೊಳ್ಳಲು ಒಪ್ಪಿಗೆಯನ್ನೂ ಕೊಟ್ಟರು.

ಅಧ್ಯಾಯ ಕಳಿಸಿದ ರಾತ್ರಿಯೇ ಓದಿ, ಬೆಳಗ್ಗೆ ವಾಟ್ಸಾಪ್‌ನಲ್ಲಿ ಜಗಳಕ್ಕೆ ಬರುತ್ತಿದ್ದ ಶಿವಮೊಗ್ಗದ ಅಕ್ಕನಿಗೆ ಏನು ಹೇಳಲಿ? ನೀನು ಬೈದ ಕಡೆಯೆಲ್ಲ ತಿದ್ದಿದ್ದೇನೆ ಕಣೇ. ನಾಯಕನ ಅಮ್ಮ ಸಾಯಬಾರದು ಅಂದಿದ್ದೆ, ಸಾಯಿಸಿಲ್ಲ.

ಪುಸ್ತಕ ಬಂದ ಕೂಡಲೇ ತಿಳಿಸುತ್ತೇನೆ. ಚೇಚಿಯರಿಗೆ ಕನ್ನಡ ಓದಲು ಬಾರದು, ಅಜ್ಜಿಗೂ ಬಾರದು. ಅವರಿಗೆ ಇಡೀ ಕತೆಯನ್ನು ಇಂಗ್ಲಿಷಿನಲ್ಲಿ ಹೇಳುವುದು ನನ್ನ ಕೆಲಸ. ಅಜ್ಜಿ ಈಗಲೇ ದಿನ ಗೊತ್ತು ಮಾಡಿಕೊಂಡಿದ್ದಾರೆ.