ರಾಶಿಭವಿಷ್ಯದ ಪಕ್ಕ ಉಬ್ಬರ-ಇಳಿತದ ಟೈಮೂ ಹಾಕಿ

ಸಂಪಾದಕರಿಗೆ ನಮಸ್ಕಾರ,

ನಾನು ವಾಸ್ಕೋದಲ್ಲಿರೋ ಹುಬ್ಬಳ್ಳಿ ಕಡೆಯವನು. ನಿಮ್ಮ ಪೇಪರ್‌ನಲ್ಲಿ ಮಹದಾಯಿ ಸುದ್ದಿ ಬಂದಾಗೆಲ್ಲ 13.42 ಟಿಎಂಸಿ, ಕಳಸಾ-ಬಂಡೂರಿ, ನ್ಯಾಯಮಂಡಳಿ, ಇಷ್ಟೇ ಇರುತ್ತೆ. ಬೇಡ ಅನ್ನಲ್ಲ, ಆ ನೀರು ನಮ್ಮ ಕಡೆಗೂ ಬೇಕು. ಆದ್ರೆ ಅದೇ ನದಿ ಗೋವಾಕ್ಕಿಳಿದು ಮಾಂಡೋವಿ ಆದ್ಮೇಲೆ ಹೇಗೆ ನಡ್ಕೊಳ್ಳುತ್ತೆ ಅಂತ ನಮ್ಮವರಿಗೆ ಗೊತ್ತಿಲ್ಲ, ನನಗೂ ಗೊತ್ತಿರ್ಲಿಲ್ಲ, ಹೋದ ಡಿಸೆಂಬರ್‌ನಲ್ಲಿ ಪೆಟ್ಟು ತಿಂದ ಮೇಲೆ ಗೊತ್ತಾಯ್ತು.

ನಾನು, ಕಾರವಾರದ ನಮ್ಮ ಭಾವ, ಇನ್ನೊಬ್ಬ ಆಫೀಸ್ ಗೆಳೆಯ ಸೇರಿ ನದಿ ಮೇಲ್ಗಡೆ ಇರೋ ಗಾಂಜೆ ಊರಿಂದ ಪಣಜಿವರೆಗೆ ಮೂರು ದಿನ ಕನೂದಲ್ಲಿ (ಹುಟ್ಟು ಹಾಕೋ ಸಣ್ಣ ದೋಣಿ) ಹೋಗೋದು, ರಾತ್ರಿ ದಡದಲ್ಲಿ ಟೆಂಟ್ ಹಾಕೋದು ಅಂತ ಪ್ಲ್ಯಾನ್ ಮಾಡಿದ್ವಿ. ಪ್ಲ್ಯಾನ್ ಅಂದ್ರೆ ಬರೀ ಸಾಮಾನಿನ ಪಟ್ಟಿ. ಹೊಳೆ ಇಲ್ಲಿ ಉಪ್ಪು, ಕುಡಿಯೋ ನೀರು ಹೊತ್ಕೊಂಡೇ ಹೋಗ್ಬೇಕು, ತಲೆಗೆ ದಿನಕ್ಕೆ 4 ಲೀಟರ್ ಅಂದ್ರೂ ಮೂರು ಜನಕ್ಕೆ ಮೂರು ದಿನಕ್ಕೆ 36 ಲೀಟರ್, ಅಂದ್ರೆ 36 ಕೆಜಿ, ಇದೆಲ್ಲ ಸರಿಯಾಗೇ ಲೆಕ್ಕ ಹಾಕಿದ್ವಿ. ಕುಂಭಾರ್ಜುವೆ ಕಾಲುವೆಯಲ್ಲಿ ಮೊಸಳೆ ಇದಾವೆ, ಆ ಕಡೆ ತಲೆ ಹಾಕೋದೇ ಬೇಡ ಅಂದ್ಕೊಂಡಿದ್ವಿ. ಚೋಡಣ್ ದ್ವೀಪದ ತುದಿಗಿರೋ ಸಲೀಂ ಅಲಿ ಪಕ್ಷಿಧಾಮದೊಳಗೆ ಅರಣ್ಯ ಇಲಾಖೆ ಪರ್ಮಿಶನ್ ಇಲ್ದೆ ಹೋಗೋ ಹಾಗಿಲ್ಲ, ಅದೂ ಗೊತ್ತಿತ್ತು. ದಿನ ಮಾತ್ರ ಆರಿಸಿದ್ದು ಬೆಳದಿಂಗಳು ಚೆನ್ನಾಗಿರುತ್ತೆ ಅಂತ ಹುಣ್ಣಿಮೆಗೆ. ಇದು ನನ್ನದೇ ಐಡಿಯಾ, ಭಾವ ಇನ್ನೂ ಮರ್ತಿಲ್ಲ.

ಮಾಂಡೋವಿಯಲ್ಲಿ ಹತ್ರಹತ್ರ 50 ಕಿ.ಮೀ. ಒಳಗಿನವರೆಗೂ ಸಮುದ್ರದ ಉಬ್ಬರ ಬರುತ್ತೆ, ಅದ್ರಲ್ಲೂ ಮಳೆಗಾಲ ಮುಗಿದು ಮೇಲಿಂದ ಬರೋ ನೀರು ಕಮ್ಮಿಯಾದ ಮೇಲೆ ನದೀದೇನೂ ನಡೆಯಲ್ಲ, ಎಲ್ಲ ಸಮುದ್ರದ್ದೇ ಕಾರುಬಾರು. ಬೆಳಗ್ಗೆ ಎದ್ದು ಹುಟ್ಟು ಹಾಕಿದ್ರೆ ನೀರು ಎದುರಿಂದ ಬರ್ತಿದೆ, ಒಂದು ತೆಂಗಿನ ಮರ ಅರ್ಧ ಗಂಟೆ ನಮ್ಮ ಪಕ್ಕದಲ್ಲೇ ಇತ್ತು. ಹನ್ನೊಂದರ ಮೇಲೆ ನೀರು ತಿರುಗ್ತು ಅನ್ನೋಷ್ಟರಲ್ಲಿ ಪಡುವಣ ಗಾಳಿ ಎದ್ದು ಮುಖಕ್ಕೇ ಹೊಡೀತು. ಎರಡನೇ ಸಂಜೆ ದಿವಾರ್ ದ್ವೀಪದ ಅಂಚಿಗೆ ಒಣಗಿದ ಜಾಗ ನೋಡಿ ಟೆಂಟ್ ಹಾಕಿದ್ವಿ, ಆಗ ಇಳಿತ ಅಂತ ಯಾರಿಗ್ ಗೊತ್ತು, ರಾತ್ರಿ ಹನ್ನೊಂದೂವರೆಗೆ ಸ್ಲೀಪಿಂಗ್ ಬ್ಯಾಗ್ ಒಳಗೆ ನೀರು. ಬೆಳದಿಂಗಳಂತೂ ಭರ್ಜರಿ ಇತ್ತು, ನಿಂತ್ಕೊಂಡೇ ನೋಡಿದ್ವಿ.

ಬೆಳಗ್ಗೆ ಬಲೆ ಬಿಡಿಸ್ತಿದ್ದ ಅಜ್ಜ ಒಬ್ರು ನಮ್ಮ ಅವಸ್ಥೆ ನೋಡಿ ನಕ್ಕು ಕೊಂಕಣಿಯಲ್ಲಿ ಏನೋ ಹೇಳಿದ್ರು, ಭಾವ ತಿಳಿಸಿ ಹೇಳಿದ. ತಿಥಿಯನ್ನ ಮುಕ್ಕಾಲಿಂದ ಗುಣಿಸು, ಬಂದದ್ದೇ ಭರತಿ, ಅಂದ್ರೆ ಉಬ್ಬರ ತುಂಬೋ ಟೈಮ್. ಹುಣ್ಣಿಮೆ ಅಂದ್ರೆ 15, ಗುಣಿಸಿದ್ರೆ ಹನ್ನೊಂದೂಕಾಲು, ಹಗಲೂ ಅಷ್ಟೊತ್ತಿಗೆ ರಾತ್ರಿನೂ ಅಷ್ಟೊತ್ತಿಗೆ! ಅಷ್ಟಮಿ ಆದ್ರೆ 6 ಗಂಟೆ. ಅಂದ್ರೆ ಅಷ್ಟಮಿ ದಿನ ಬೆಳಗ್ಗೆ ಆರಕ್ಕೆ ನೀರು ತುಂಬಿ ಇಳಿಯೋಕೆ ಶುರು, ಗಾಳಿ ಏಳೋ ಮುಂಚೆ ಮಧ್ಯಾಹ್ನದವರೆಗೂ ನೀರೇ ನಮ್ಮನ್ನ ಪಣಜಿ ಕಡೆ ಒಯ್ಯುತ್ತೆ, ಮೇಲಾಗಿ ಆಗ ಉಬ್ಬರದ ಎತ್ತರನೂ ಕಮ್ಮಿ, ಟೆಂಟಿಗೆ ಭಯ ಇಲ್ಲ.

ಇಷ್ಟು ಉದ್ದ ಬರೆದದ್ದು ಯಾಕಂದ್ರೆ, ನೀವು ದಿನಾ ತಿಥಿ ಹಾಕ್ತೀರಿ, ರಾಹುಕಾಲ ಹಾಕ್ತೀರಿ, ಹನ್ನೆರಡೂ ರಾಶಿಗೆ ಭವಿಷ್ಯ ಹಾಕ್ತೀರಿ, ಅದರ ಪಕ್ಕ ಮುರಗಾಂವ್ (ನಮ್ಮ ವಾಸ್ಕೋದ ಬಂದರು) ಮತ್ತು ಕಾರವಾರದ ಉಬ್ಬರ-ಇಳಿತದ ಟೈಮ್ ಎರಡು ಸಾಲು ಹಾಕೋಕೆ ಏನ್ ಕಷ್ಟ? ಅಜ್ಜನ ಲೆಕ್ಕ ಅಂದಾಜಿಂದು, ಅರ್ಧ ಗಂಟೆ ಹೆಚ್ಚುಕಮ್ಮಿ ಆಗುತ್ತೆ, ನದಿ ಒಳಗೆ ಹೋದಷ್ಟೂ ಇನ್ನೂ ಲೇಟು. ಸರ್ವೇ ಆಫ್ ಇಂಡಿಯಾದವರು ವರ್ಷದ ಟೇಬಲ್ ಮುಂಚೆನೇ ಪ್ರಿಂಟ್ ಮಾಡಿರ್ತಾರೆ. ನಮ್ಮಂಥ ಶೋಕಿ ಮಾಡೋರ ಮಾತು ಬಿಡಿ, ಅಘನಾಶಿನಿಯಲ್ಲಿ ಇಳಿತ ನೋಡ್ಕೊಂಡು ಬಳಚು (ಚಿಪ್ಪುಮೀನು) ಹೆಕ್ಕೋಕೆ ಇಳಿಯೋರ ಮನೆಗೂ ನಿಮ್ಮ ಪೇಪರ್ ಹೋಗುತ್ತಲ್ವಾ.

ನಾವು ಮತ್ತೆ ಹೊರಟಿದೀವಿ, ಈ ಸಲ ಸಪ್ತಮಿಯಿಂದ ನವಮಿವರೆಗೆ, ಕ್ಯಾಲೆಂಡರ್ ಭಾವನ ಕೈಯಲ್ಲಿದೆ.

ಇಂತಿ,
ವಾಸ್ಕೋದ ಓದುಗ