ಸ್ಪೇನಿನ ಕರಾವಳಿ: ಪ್ರವಾಸಿಗರೇ ಬೇರೆ, ನಿವಾಸಿಗಳೇ ಬೇರೆ

ಮಾನ್ಯ ಸಂಪಾದಕರೇ,

2024ರ ಬೇಸಿಗೆಯಲ್ಲಿ ಬಾರ್ಸಿಲೋನಾದ ಪ್ರತಿಭಟನಕಾರರು ಪ್ರವಾಸಿಗರತ್ತ ಆಟಿಕೆ ಪಿಸ್ತೂಲಿನಿಂದ ನೀರು ಚಿಮ್ಮಿಸಿದ ಸುದ್ದಿ ಬಂದಂದಿನಿಂದ, ಸ್ಪೇನಿಗೆ ವಾರದ ಮಟ್ಟಿಗೆ ಹೋಗಿಬರುವವರನ್ನೂ ಅಲ್ಲೇ ಮನೆಮಾಡಿ ಮುಪ್ಪನ್ನು ಕಳೆಯುತ್ತಿರುವ ವಿದೇಶಿಯರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನಮ್ಮಲ್ಲಿ ರೂಢಿಯಾಗಿದೆ. ಇದು ಸರಿಯಲ್ಲ.

ಅಲಿಕಾಂತೆ ಪ್ರಾಂತ್ಯದಲ್ಲಿ, ಬೆನಿದೋರ್ಮ್‌ನ ಗಗನಚುಂಬಿ ಕಟ್ಟಡಗಳ ಮಗ್ಗುಲಲ್ಲೇ ಇರುವ ಆಲ್ಫಾಸ್ ದೆಲ್ ಪೀ ಎಂಬ ಊರಿನ ಸುಮಾರು 20 ಸಾವಿರ ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹೊರದೇಶದವರು. ಚಳಿಗೆ ಬೇಸತ್ತು ಬಂದ ನಾರ್ವೆಯವರಿಗೆ ಅಲ್ಲಿ ತಮ್ಮದೇ ಶಾಲೆಯಿದೆ, ಅಲ್ಬೀರ್ ಕಡಲತೀರದ ಬಡಾವಣೆಯಲ್ಲಿ ತಮ್ಮದೇ ಚರ್ಚಿದೆ. ಇವರನ್ನು ಪ್ರವಾಸಿಗರೆನ್ನುವುದು ಹೇಗೆ?

ಇಂಥ ಊರುಗಳ ನಿಜವಾದ ತೊಡಕಿರುವುದು 'ಪದ್ರೋನ್' ಎಂಬ ಪುರಸಭೆಯ ನಿವಾಸಿಗಳ ದಾಖಲೆಯಲ್ಲಿ. ಊರಿಗೆ ಕೇಂದ್ರದಿಂದ ಬರುವ ಅನುದಾನವೂ ಪುರಸಭಾ ಸದಸ್ಯರ ಸಂಖ್ಯೆಯೂ ಈ ದಾಖಲೆಯ ತಲೆಯೆಣಿಕೆಯನ್ನು ಅವಲಂಬಿಸಿರುವುದರಿಂದ, ವರ್ಷದ ಬಹುಭಾಗ ಅಲ್ಲೇ ಇದ್ದೂ ಹೆಸರು ಬರೆಸದವರ ನೀರು, ಕಸ, ಪೊಲೀಸ್ ವ್ಯವಸ್ಥೆಯ ಖರ್ಚು ಊರಿನ ತಲೆಯ ಮೇಲೆ ಬೀಳುತ್ತದೆ. ಹೆಸರು ಬರೆಸಿದರೆ ತೆರಿಗೆಯವರು ಬಾಗಿಲು ತಟ್ಟುತ್ತಾರೆಂಬ ಅಂಜಿಕೆ ಹಲವರಿಗಿದೆ. ಆದರೆ ತೆರಿಗೆಯ ಲೆಕ್ಕದಲ್ಲಿ ಮುಖ್ಯವಾಗುವುದು ವರ್ಷದಲ್ಲಿ 183 ದಿನಕ್ಕಿಂತ ಹೆಚ್ಚು ಅಲ್ಲಿದ್ದಿರಾ ಎಂಬುದೇ ಹೊರತು ಪದ್ರೋನ್ ಒಂದೇ ಅಲ್ಲ.

ಹೆಸರು ಬರೆಸಿದವರಿಗೆ ದಕ್ಕುವುದು ಸಣ್ಣದೇನಲ್ಲ. ಐರೋಪ್ಯ ಒಕ್ಕೂಟದ ಪ್ರಜೆಗಳು ಪುರಸಭೆ ಚುನಾವಣೆಗೆ ಸ್ಪರ್ಧಿಸಲೂ ಆಗುವಂತೆ ಸ್ಪೇನ್ 1992ರಲ್ಲಿ ತನ್ನ ಸಂವಿಧಾನವನ್ನೇ ತಿದ್ದಿತು. 1978ರ ಆ ಸಂವಿಧಾನಕ್ಕೆ ಅದೇ ಮೊದಲ ತಿದ್ದುಪಡಿ. (ಸೇರಿಸಿದ್ದು ಬರೀ ಎರಡು ಪದ!) ಒಕ್ಕೂಟದ ಹೊರಗಿನ ನಾರ್ವೆಯವರಿಗೂ, ಬ್ರೆಕ್ಸಿಟ್ ನಂತರ ಬ್ರಿಟಿಷರಿಗೂ, ಮೂರು ವರ್ಷ ವಾಸವಾಗಿದ್ದರೆ ಪರಸ್ಪರ ಒಪ್ಪಂದದ ಮೇರೆಗೆ ಮತದಾನದ ಹಕ್ಕಿದೆ. ಭಾರತದೊಂದಿಗೆ ಅಂಥ ಒಪ್ಪಂದವಿಲ್ಲದ ಕಾರಣ, ಅಲ್ಲಿ ನೆಲೆಸಿರುವ ನಮ್ಮವರು ಸ್ಪೇನಿನ ಪೌರತ್ವ ಪಡೆಯದೆ ಮತ ಹಾಕುವಂತಿಲ್ಲ.

ವಿಪರ್ಯಾಸವೆಂದರೆ, ಹಕ್ಕಿದ್ದವರೂ ಅದನ್ನು ತಾವೇ ಕೇಳಿ ಪಡೆಯಬೇಕು. ಒಕ್ಕೂಟದವರು ಮತ ಹಾಕುವ ಇಚ್ಛೆಯನ್ನು ಒಮ್ಮೆ ಲಿಖಿತವಾಗಿ ತಿಳಿಸಿದರೆ ಸಾಕು, ಒಪ್ಪಂದದ ದೇಶಗಳವರಾದರೋ ಪ್ರತಿ ಚುನಾವಣೆಗೂ ಹೊಸದಾಗಿ ಅರ್ಜಿ ಹಾಕಬೇಕು. ಸ್ಪ್ಯಾನಿಷ್ ಬಾರದ ಎಂಬತ್ತರ ವೃದ್ಧರಿಂದ ಇದನ್ನು ನಿರೀಕ್ಷಿಸಿ, ಆಮೇಲೆ 'ಇವರಿಗೆ ಊರಿನ ಗೊಡವೆಯೇ ಇಲ್ಲ' ಎಂದು ದೂರುವುದು ನ್ಯಾಯವೆನಿಸದು. ಮುಂದಿನ ಪುರಸಭಾ ಚುನಾವಣೆ 2027ರ ಮೇ ತಿಂಗಳಿನಲ್ಲಿದೆ. ಅಷ್ಟರೊಳಗೆ ಕನಿಷ್ಠ ಈ ಅರ್ಜಿಯ ಕಟ್ಟಳೆಯನ್ನಾದರೂ ಸಡಿಲಿಸಬಹುದು.

— ಓರ್ವ ಓದುಗ, ಮೈಸೂರು