ಗಿಟಾರ್ ಕೊಳ್ಳುವ ಮುಂಚೆ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಮೂರು ಗಿಟಾರ್‌ಗಳ ಫೋಟೊ ನೋಡಿದೆ: ಎಪಿಫೋನ್ ಲೆಸ್ ಪಾಲ್, ಸ್ಕ್ವಯರ್ ಸ್ಟ್ರಾಟೊಕಾಸ್ಟರ್ (ಸ್ಟ್ರಾಟ್), ಯಮಹಾ ಪೆಸಿಫಿಕಾ. ಅಮ್ಮನಿಗೂ ತೋರಿಸಿದೆ. ಅವಳಿಗೆ ಆ ಹೊಂಬಣ್ಣದ ಎಪಿಫೋನ್ ಲೆಸ್ ಪಾಲ್ ತುಂಬಾ ಹಿಡಿಸಿತು. ನಿನ್ನ ಮನಸ್ಸೂ ಅದರ ಮೇಲೇ ಇದೆ ಅಂತ ಮೆಸೇಜ್ ಓದುವಾಗಲೇ ಗೊತ್ತಾಯಿತು. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಮೊದಲ ಎಲೆಕ್ಟ್ರಿಕ್ ಗಿಟಾರ್ ತಂದದ್ದು 1991ರಲ್ಲಿ. ಆಗ ನಮ್ಮ ಆರ್ಕೆಸ್ಟ್ರಾ ಮದುವೆ, ಗಣೇಶೋತ್ಸವ ಅಂತ ಕುಂಬಳೆ, ಉಪ್ಪಳ, ಬದಿಯಡ್ಕ ಎಲ್ಲಾ ಸುತ್ತುತ್ತಿತ್ತು. ಅಡಿಕೆ ಮಾರಿದ ದುಡ್ಡಿನಲ್ಲಿ ಅಜ್ಜ ಕೊಡಿಸಿದರು. ಅಂಗಡಿಯಲ್ಲಿ ಕೂತು ನುಡಿಸಿ ನೋಡಲೇ ಇಲ್ಲ. ಕೆಂಪು ಬಣ್ಣ ಕಣ್ಣಿಗೆ ಹಿಡಿಸಿತು, ತಂದುಬಿಟ್ಟೆ. ಮನೆಯಲ್ಲಿ ನೋಡಿದರೆ ಹನ್ನೆರಡನೇ ಫ್ರೆಟ್ (ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ಹತ್ತಿರ ತಂತಿಯ ಕೆಳಗೆ ಪೆನ್ಸಿಲ್ ತೂರಿಸಬಹುದಿತ್ತು! ಮೊದಲ ಮಳೆಗಾಲಕ್ಕೇ ನೆಕ್, ಅಂದರೆ ಗಿಟಾರ್‌ನ ಕುತ್ತಿಗೆ, ಬಾಗಿತು. ಬೆರಳ ತುದಿ ಒಡೆದು ರಕ್ತ ಬರುತ್ತಿತ್ತು. ನನ್ನ ಕೈಗೇ ವಿದ್ಯೆ ಹತ್ತುವುದಿಲ್ಲ ಅಂದುಕೊಂಡು ಎರಡು ವರ್ಷ ಕಳೆದೆ. ಒಂದು ದಿನ ಗೆಳೆಯನ ಗಿಟಾರ್ ಹಿಡಿದೆ ನೋಡು, ಅಷ್ಟು ದಿನ ಬಾರದ ಎಫ್ ಕಾರ್ಡ್ (ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸುವ ಸ್ವರಗುಚ್ಛ) ಸಲೀಸಾಗಿ ಬಂತು. ಆ ಎರಡು ವರ್ಷ ನನ್ನದು ಹೋಯಿತು, ನಿನ್ನದು ಹೋಗಬಾರದು.

ಹಾಗಾಗಿ ಮೊದಲು ಮೈಗೆ ಹೊಂದುತ್ತದಾ ನೋಡು. ಲೆಸ್ ಪಾಲ್ ದಪ್ಪ ಮರದ ಗಿಟಾರ್. ನಾಲ್ಕು ಕಿಲೋ ಆಸುಪಾಸು ತೂಗುತ್ತದೆ, ಕೆಲವು ಇನ್ನೂ ಜಾಸ್ತಿ. ಲ್ಯಾಪ್‌ಟಾಪ್ ಬ್ಯಾಗ್ ಹೊತ್ತರೇ ಎಡಭುಜ ನೋವು ಅನ್ನುತ್ತೀಯಲ್ವಾ? ಒಂದು ಗಂಟೆ ನಿಂತು ನುಡಿಸುವಾಗ ಆ ಭಾರವೆಲ್ಲ ಅದೇ ಭುಜದ ಮೇಲೆ. ಆದರೆ ಅದರಲ್ಲಿ ಒಂದು ಸುಖ ಇದೆ. ನೆಕ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ನಟ್‌ನಿಂದ, ಕೆಳಗೆ ಮೈಮೇಲೆ ತಂತಿ ಕೂರುವ ಬ್ರಿಡ್ಜ್‌ವರೆಗೆ ತಂತಿಯ ಉದ್ದ 24.75 ಇಂಚು. ಸ್ಟ್ರಾಟ್‌ನಲ್ಲಿ 25.5. ಮುಕ್ಕಾಲು ಇಂಚು ಏನು ಮಹಾ ಅನ್ನಬೇಡ. ಅದೇ ತಂತಿ, ಅದೇ ಸ್ವರಕ್ಕೆ ಬಿಗಿ ಕಡಿಮೆ ಸಾಕು, ಫ್ರೆಟ್‌ಗಳೂ ಹತ್ತಿರ ಹತ್ತಿರ. ನಿನ್ನ ಸಣ್ಣ ಕೈಗೆ ಅದು ಗೊತ್ತಾಗಿಯೇ ಆಗುತ್ತದೆ.

ಸ್ಟ್ರಾಟ್‌ನ ಹಿಂಬದಿ ಹೊಟ್ಟೆಯ ಹತ್ತಿರ ಕೆತ್ತಿ ತೆಗೆದಿದ್ದಾರೆ, ಗಮನಿಸಿದ್ದೀಯಾ? ಮುಂದೆ ಬಲಗೈ ಊರುವ ಜಾಗವೂ ಇಳಿಜಾರು. ಅದಕ್ಕಿಂತ ಮುಂಚೆ ಬಂದ ಟೆಲಿಕಾಸ್ಟರ್ ಚಪ್ಪಟೆ ಹಲಗೆ. ಅಂಚು ಪಕ್ಕೆಗೆ ಒತ್ತುತ್ತದೆ ಅಂತ ನುಡಿಸುವವರು ಹೇಳಿದರು. ಫೆಂಡರ್ ಕಂಪನಿ ಕಟ್ಟಿದ ಲಿಯೋ ಫೆಂಡರ್ ಆ ಮಾತು ಕೇಳಿಸಿಕೊಂಡರು. 1954ರಲ್ಲಿ ಸ್ಟ್ರಾಟೊಕಾಸ್ಟರ್ ಬಂದದ್ದು ಈ ಆಕಾರದಲ್ಲಿ. ನುಡಿಸುವವರ ಮೈಯನ್ನು ನೆನೆದು ಮಾಡಿದ ಗಿಟಾರ್ ಅಂತ ನನಗೆ ಅದರ ಮೇಲೆ ಯಾವತ್ತೂ ಪ್ರೀತಿ. ನಿನ್ನ ಪಟ್ಟಿಯ ಸ್ಕ್ವಯರ್ ಫೆಂಡರ್‌ನವರದ್ದೇ ಕಡಿಮೆ ಬೆಲೆಯ ಬ್ರ್ಯಾಂಡ್, ಆಕಾರ ಅದೇ.

ಇನ್ನು ಶಬ್ದ. ತಂತಿಯ ಕೆಳಗೆ ಕೂತು ಅದರ ಕಂಪನವನ್ನು ವಿದ್ಯುತ್ತಾಗಿ ಬದಲಿಸುವ ಪಿಕಪ್ ಅಂದರೆ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಷ್ಟು ಸಪೂರ ತಾಮ್ರದ ತಂತಿಯ ಸಾವಿರಾರು ಸುತ್ತು. ಸ್ಟ್ರಾಟ್‌ನಲ್ಲಿರುವುದು ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್. ಸ್ವರ ತಿಳಿ, ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳುತ್ತದೆ. ಆದರೆ ಮನೆಯ ಕರೆಂಟಿನ ಗುಂಯ್‌ ಸದ್ದನ್ನೂ ಹಿಡಿದು ಆಂಪ್‌ಗೆ, ಅಂದರೆ ಶಬ್ದ ದೊಡ್ಡದು ಮಾಡುವ ಪೆಟ್ಟಿಗೆಗೆ, ಕೊಡುತ್ತದೆ. ಟ್ಯೂಬ್‌ಲೈಟ್ ಹತ್ತಿರ ನಿಂತರೆ ಇನ್ನೂ ಜಾಸ್ತಿ. ಲೆಸ್ ಪಾಲ್‌ನದ್ದು ಹಂಬಕರ್. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಮಾಡಿದ್ದು. ಎರಡು ಕಾಯಿಲ್ ಒಂದಕ್ಕೊಂದು ಎದುರಾಗಿ ಕೂತು ಆ ಗುಂಯ್‌ ಅನ್ನು ಹೊಡೆದುಹಾಕುತ್ತವೆ. ಸ್ವರ ದಪ್ಪ, ತುಂಬಿಕೊಂಡಿರುತ್ತದೆ. ಯಮಹಾ ಪೆಸಿಫಿಕಾ 112ರಲ್ಲಿ ಬ್ರಿಡ್ಜ್ ಹತ್ತಿರ ಹಂಬಕರ್, ಉಳಿದೆರಡು ಸಿಂಗಲ್ ಕಾಯಿಲ್. ನಿನಗೆ ಒಂದು ದಿನ ಮೆಲೋಡಿ ಬೇಕು, ಮರುದಿನ ರಾಕ್ ಬೇಕು. ಅದಕ್ಕೇ ನನ್ನ ಓಟು ಪೆಸಿಫಿಕಾಗೆ. ಲೆಸ್ ಪಾಲ್‌ಗಿಂತ ಹಗುರ, ಮೈಗೂ ಒಗ್ಗುತ್ತದೆ. ಆದರೆ ನುಡಿಸುವವಳು ನೀನು. ಮೂರನ್ನೂ ಹಿಡಿದ ಮೇಲೆ ನಿನ್ನ ಕೈ ಬೇರೆಯದನ್ನು ಕೇಳಿದರೆ ಅದೇ ಇರಲಿ.

ಅಂಗಡಿಯಲ್ಲಿ ಪ್ರತಿಯೊಂದನ್ನೂ ಇಪ್ಪತ್ತು ನಿಮಿಷ ಇಟ್ಟುಕೋ. ಅರ್ಧ ಹೊತ್ತು ಕೂತು, ಅರ್ಧ ಹೊತ್ತು ಬೆಲ್ಟ್ ಹಾಕಿ ನಿಂತು. ಮೊದಲು ಆಂಪ್ ಇಲ್ಲದೆ ನುಡಿಸು. ಎಡಗೈ ಬಿಟ್ಟಾಗ ನೆಕ್ ಕೆಳಗೆ ವಾಲುತ್ತದಾ ನೋಡು. ನೆಕ್‌ನ ಅಂಚಿನಲ್ಲಿ ಬೆರಳು ಆಡಿಸು, ಫ್ರೆಟ್‌ನ ತುದಿ ಚುಚ್ಚಿದರೆ ಅದು ಬೇಡ. ಒಂದೇ ಮಾಡೆಲ್‌ನ ಎರಡು ಗಿಟಾರ್ ಕೂಡ ಒಂದೇ ಥರ ಇರುವುದಿಲ್ಲ.

ನಮ್ಮ ಹತ್ತಿರ ಇರುವುದು 30 ಸಾವಿರ. ಅಷ್ಟನ್ನೂ ಗಿಟಾರ್‌ಗೇ ಸುರಿಯುವುದು ಬೇಡ. ಚಿಕ್ಕ ಆಂಪ್, ಕೇಬಲ್, ಬೆಲ್ಟ್, ಚೀಲ ಎಲ್ಲಾ ಅದರಲ್ಲೇ ಆಗಬೇಕು. ಮುಖ್ಯವಾಗಿ ಸೆಟಪ್ ಮಾಡಿಸಲು ದುಡ್ಡು ಉಳಿಯಬೇಕು. ಅಂದರೆ ನೆಕ್‌ನ ಬಾಗು ಸರಿ ಮಾಡಿ, ತಂತಿಯ ಎತ್ತರ ಇಳಿಸಿ, ಮೇಲಿನ ಫ್ರೆಟ್‌ಗಳಲ್ಲೂ ಶ್ರುತಿ ತಪ್ಪದಂತೆ ಕೂಡಿಸುವುದು. ಅಜ್ಜ ಮದ್ದಳೆಗೆ ಕೂತಾಗ ನೋಡಿದ್ದೀಯಲ್ಲ, ಭಾಗವತರ ಶ್ರುತಿಗೆ ಮದ್ದಳೆ ಕೂಡುವವರೆಗೆ ಒಂದು ಪೆಟ್ಟೂ ಮುಂದೆ ಹೋಗುತ್ತಿರಲಿಲ್ಲ. ಮೂರರಲ್ಲಿ ಯಾವುದನ್ನೇ ಕೊಂಡರೂ ಸೆಟಪ್ ಬಿಡಬೇಡ.

ತಂತಿ ಮೊದಲಿಗೆ 9ರ ಸೆಟ್ (ಅತಿ ಸಪೂರ ತಂತಿಯ ದಪ್ಪ 0.009 ಇಂಚು) ಹಾಕಿಸೋಣ, ಸಪೂರ, ಬೆರಳಿಗೆ ಹಗುರ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸು. ನಿನ್ನ ಹಾಸ್ಟೆಲಿಗೂ ನಮ್ಮ ಮನೆಗೂ ಸಮುದ್ರದ ಗಾಳಿ ಒಂದೇ, ಒರೆಸದಿದ್ದರೆ ತಂತಿ ಬೇಗ ತುಕ್ಕು ಹಿಡಿಯುತ್ತದೆ.

ಶನಿವಾರ ಬೆಳಿಗ್ಗೆಯ ರೈಲಿಗೆ ಕಾಸರಗೋಡಿನಿಂದ ಹೊರಡುತ್ತೇನೆ. ಮಂಗಳೂರು ಸೆಂಟ್ರಲ್‌ಗೆ ಬಾ, ಅಲ್ಲಿಂದ ಒಟ್ಟಿಗೆ ಅಂಗಡಿಗೆ ಹೋಗೋಣ. ಅಮ್ಮ ಹಲಸಿನ ಹಪ್ಪಳ ಕಟ್ಟಿ ಇಟ್ಟಿದ್ದಾಳೆ. ಎಡಗೈಯ ಉಗುರು ಕತ್ತರಿಸಿಕೊಂಡು ಬಾ, ಇಲ್ಲದಿದ್ದರೆ ತಂತಿ ಸರಿಯಾಗಿ ಒತ್ತಲು ಆಗುವುದಿಲ್ಲ.

ನಿನ್ನ
ಅಪ್ಪ